ಗೇಟಿನ ತನಕ ಬಂದ ಹೀಲಿಯಂ

ಶಿವಕಾಂತಾಳಿಗೆ ಕನ್ನಡ ಓದಲು ಬರುವುದಿಲ್ಲ. ಮಾತಿಗೆ ಕೂತರೆ ಸುರಪುರದ ಕಡೆಯ ಕನ್ನಡವನ್ನು ನನಗಿಂತ ಸೊಗಸಾಗಿ ಆಡುತ್ತಾಳೆ, ಆದರೆ ಅಕ್ಷರ ಕಲಿತದ್ದು ಪುಣೆಯ ಮುನಿಸಿಪಾಲಿಟಿಯ ಮರಾಠಿ ಶಾಲೆಯಲ್ಲಿ. ಹಾಗಾಗಿ ಇದು ಅವಳ ಕಣ್ಣಿಗೆ ಬಿದ್ದರೂ ಚಿಂತೆಯಿಲ್ಲ. ಓದುತ್ತಾಳೆ ಎಂಬ ಅನುಮಾನವಿದ್ದಿದ್ದರೂ ನಾನು ಬರೆಯುತ್ತಿರಲಿಲ್ಲ, ಏಕೆಂದರೆ ಯಾರಿಗೂ ಹೇಳಬಾರದು ಎಂದು ಅವಳು ನನ್ನಿಂದ ಮಾತು ತೆಗೆದುಕೊಂಡ ಸಂಗತಿ ಇದರಲ್ಲಿದೆ. ಅದು ಯಾರಿಗೆ ತಿಳಿಯಬಾರದೋ ಆ ಮನುಷ್ಯನಿಗೂ ಕನ್ನಡ ಬಾರದು.

ನಾನು ಬಸವಪ್ರಭು, ವಿಜಯಪುರದವನು. ಪುಣೆಯ ಒಂದು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಆಫೀಸು ನೋಡಿಕೊಂಡು ತಲೆ ಬೆಳ್ಳಗೆ ಮಾಡಿಕೊಂಡವನು. ನಿವೃತ್ತಿಯಾಯಿತು, ಬಿಡುಗಡೆಯಾಗಲಿಲ್ಲ. ವಿಭಾಗದ ವೆಬ್‌ಸೈಟಿನಲ್ಲಿ ‘ಸಂಶೋಧನಾ ಸಾಮರ್ಥ್ಯಗಳು’, ‘ಸಹಯೋಗದ ಗುರಿಗಳು’ ಎಂದು ಎರಡು ತಲೆಬರಹ ಇರುವ ಒಂದು ಪುಟವಿದೆ. ಅದರ ಇಂಗ್ಲಿಷು ತಿದ್ದಲು ಈಗಲೂ ನನ್ನನ್ನೇ ಕರೆಯುತ್ತಾರೆ. ಅಷ್ಟು ವರ್ಷ ತಿದ್ದಿದ ಮೇಲೆ ನನಗೆ ತಿಳಿದದ್ದು ಇಷ್ಟೇ: ಸಾಮರ್ಥ್ಯ ಅಂದರೆ ನಮ್ಮಲ್ಲಿದ್ದು ಇನ್ನೇನು ಹೋಗಲಿರುವುದು, ಗುರಿ ಅಂದರೆ ಆಗಲೇ ಹೋದದ್ದು.

ಬಹಳ ವರ್ಷಗಳ ಕಾಲ ಆ ಪುಟದ ಮೊದಲ ಸಾಲಿನಲ್ಲಿ ಒಂದು ಯಂತ್ರ ಇತ್ತು. ಎನ್‌ಎಂಆರ್ ಎನ್ನುತ್ತಾರೆ. ಹುಡುಗರು ತಯಾರಿಸಿದ ಪುಡಿಯನ್ನೋ ಎಣ್ಣೆಯನ್ನೋ ತೆಳ್ಳನೆಯ ಗಾಜಿನ ಕೊಳವೆಗೆ ಹಾಕಿ ಅದರೊಳಗೆ ಇಳಿಸಿದರೆ, ಅಣುವಿನಲ್ಲಿ ಯಾವುದರ ಪಕ್ಕ ಯಾವುದು ಕೂತಿದೆ ಎಂದು ಪರದೆಯ ಮೇಲೆ ಗೆರೆ ಎಳೆದು ತೋರಿಸುತ್ತದೆ. ನೋಡಲು ಆಳೆತ್ತರದ ಸ್ಟೀಲಿನ ಹಂಡೆ. ಒಳಗೊಂದು ಅಯಸ್ಕಾಂತ. ಆ ಅಯಸ್ಕಾಂತಕ್ಕೆ ಹಗಲಿರುಳೂ ಚಳಿ ಬೇಕು. ಅದಕ್ಕಾಗಿ ಸುತ್ತ ಎರಡು ಗೂಡು, ಹೊರಗಿನದರಲ್ಲಿ ದ್ರವ ನೈಟ್ರೋಜನ್, ಒಳಗಿನದರಲ್ಲಿ ಅದಕ್ಕಿಂತ ತಣ್ಣಗಿನ ದ್ರವ ಹೀಲಿಯಂ. ನೈಟ್ರೋಜನ್ ವಾರಕ್ಕೊಮ್ಮೆ ತುಂಬಬೇಕು, ಹೀಲಿಯಂ ಕೆಲವು ತಿಂಗಳಿಗೊಮ್ಮೆ. ಹೀಲಿಯಂ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಅಯಸ್ಕಾಂತ ಒಮ್ಮೆಲೇ ಬಿಸಿಯಾಗಿ, ಉಳಿದದ್ದನ್ನೂ ಕಾರಿಕೊಂಡು ಸತ್ತುಹೋಗುತ್ತದೆ. ಮತ್ತೆ ಎಬ್ಬಿಸಬಹುದಂತೆ. ಹಳೆಯ ಯಂತ್ರವನ್ನು ಎಬ್ಬಿಸಲು ಮಂಜೂರಾತಿ ಸಿಕ್ಕಿದ್ದನ್ನು ನನ್ನ ಸರ್ವೀಸಿನಲ್ಲಿ ನಾನು ಕಂಡಿಲ್ಲ.

ಶಿವಕಾಂತಾ ಆ ಯಂತ್ರದ ಆಪರೇಟರ್. ತಂದೆ ಭೀಮಣ್ಣ, ತಾಯಿ ಯಮನವ್ವ ಸುರಪುರ ತಾಲೂಕಿನಿಂದ ಪುಣೆಗೆ ಕಟ್ಟಡದ ಕೆಲಸಕ್ಕೆ ಬಂದವರು. ಬಾಣೇರ, ವಾಕಡ ಕಡೆಯ ಎಷ್ಟೋ ಟವರುಗಳ ಸ್ಲ್ಯಾಬಿಗೆ ಯಮನವ್ವ ತಲೆಯ ಮೇಲೆ ಕಾಂಕ್ರೀಟು ಹೊತ್ತಿದ್ದಾಳೆ. ಮಗಳು ಬೆಳೆದದ್ದು ಆಯಾ ಸೈಟಿನ ತಗಡಿನ ಶೆಡ್ಡುಗಳಲ್ಲಿ. ಕಟ್ಟಡ ಮುಗಿದಂತೆ ಶೆಡ್ಡು ಬದಲು, ಶೆಡ್ಡು ಬದಲಾದಂತೆ ಶಾಲೆ ಬದಲು. ಹಾಗಿದ್ದೂ ಎಂ.ಎಸ್‌ಸಿ. ತನಕ ಓದಿದಳು. ಭೀಮಣ್ಣ ಅದನ್ನು ನೋಡಲು ಉಳಿಯಲಿಲ್ಲ, ಕಾಮಾಲೆ ಒಯ್ಯಿತು.

ನೌಕರಿ ಗುತ್ತಿಗೆಯದು. ಹನ್ನೊಂದು ತಿಂಗಳಿಗೆ ಆದೇಶ, ಆಮೇಲೆ ಕೆಲವು ದಿನ ಬ್ರೇಕು, ಮತ್ತೆ ಹನ್ನೊಂದು ತಿಂಗಳು. ಸತತ ಸೇವೆ ಎಂದು ನಾಳೆ ಯಾರೂ ಕೋರ್ಟಿಗೆ ಹೋಗದಿರಲಿ ಎಂಬ ಉಪಾಯ ಇದು. ಇದನ್ನು ಕಂಡುಹಿಡಿದವನ ತಲೆಯನ್ನು ಆ ಯಂತ್ರದೊಳಗೆ ಇಳಿಸಿ ನೋಡಬೇಕು ಎಂದು ನನಗೆ ಅನಿಸುತ್ತಿತ್ತು. ಬ್ರೇಕಿನ ದಿನಗಳಲ್ಲಿ ಶಿವಕಾಂತಾ ನೌಕರಳಲ್ಲ, ಗೇಟು ದಾಟುವ ಹಕ್ಕಿಲ್ಲ. ಯಂತ್ರಕ್ಕೆ ಬ್ರೇಕು ತಿಳಿಯಬೇಕಲ್ಲ. ಬುಧವಾರ ಬಂತೆಂದರೆ ಅವಳು ನೈಟ್ರೋಜನ್ ತುಂಬಲು ಬಂದೇ ಬರುತ್ತಿದ್ದಳು. ಸೆಕ್ಯುರಿಟಿಯ ದತ್ತು ಸರಿಯಾಗಿ ಆ ಹೊತ್ತಿಗೆ ಬೆನ್ನು ತಿರುಗಿಸಿ ರಸ್ತೆಯ ಆಚೆಯ ಗುಲ್‌ಮೊಹರ್ ನೋಡುತ್ತ ನಿಲ್ಲುತ್ತಿದ್ದ. ದತ್ತು ಭೋರ್ ಕಡೆಯ ಗುಡ್ಡದ ಹಳ್ಳಿಯವನು. ಡೀನ್ ಬಂದರೂ ಗುರುತಿನ ಚೀಟಿ ಕೇಳುವ ಮನುಷ್ಯ, ಇವಳೊಬ್ಬಳನ್ನು ಮಾತ್ರ ನೋಡುತ್ತಿರಲಿಲ್ಲ.

ಯಮನವ್ವ ನನ್ನೆದುರು ದೂರುವಳು, “ನೋಡ್ರಿ ಸಾಹೇಬ್ರ, ಮನಿ ದೇವರಿಗಿ ದೀಪಾ ಹಚ್ಚು ಅಂದ್ರ ಮರೀತಾಳ. ಆ ಉಕ್ಕಿನ ದೇವರಿಗಿ ಮಾತ್ರ ವಾರಾ ವಾರಾ ನೈವೇದ್ಯ ತಪ್ಪಂಗಿಲ್ಲ.” ದೂರುವಾಗ ಮುಖದಲ್ಲಿ ಹೆಮ್ಮೆಯೇ ಇರುತ್ತಿತ್ತು.

ವಿಭಾಗದ ಮುಖ್ಯಸ್ಥೆ ಇಂದೂ ಪಾನ್ಸೆ ಒಳ್ಳೆಯ ಹೆಂಗಸು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ಬಾಯಿ ತುಂಬ ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಸಹ್ಯಾದ್ರಿಯ ಗಿಡಗಳ ಬೇರು ತೊಗಟೆಗಳಿಂದ ಔಷಧಕ್ಕೆ ಆಗುವಂಥ ಅಣುಗಳನ್ನು ಬಿಡಿಸಿ ತೆಗೆಯುವುದು ಅವರ ಕೆಲಸ. ಅದನ್ನು ನೋಡಿ ಹೊರದೇಶದ ಒಂದು ವಿಶ್ವವಿದ್ಯಾಲಯ ಕೂಡಿ ದುಡಿಯೋಣ ಎಂದಿತು. ಅವರದು ಒಂದೇ ಷರತ್ತು. ನಿಮ್ಮಲ್ಲಿ ಎನ್‌ಎಂಆರ್ ನಡೆಯುತ್ತಿರಬೇಕು, ಅದಕ್ಕೆ ಕಾಯಂ ಆಪರೇಟರ್ ಇರಬೇಕು. ಇಂದೂ ಮ್ಯಾಡಮ್ ಆ ಷರತ್ತನ್ನು ಹಿಡಿದು ಕುಲಸಚಿವರ ಕಚೇರಿಗೆ ಚಪ್ಪಲಿ ಸವೆಯುವಂತೆ ಓಡಾಡಿದರು. ಕೊನೆಗೆ ಒಪ್ಪಿಗೆ ಬಂತು: ಹೊರದೇಶದವರು ಬಂದು ಯಂತ್ರ ನೋಡಿ ಒಪ್ಪಂದಕ್ಕೆ ಸಹಿ ಹಾಕಿದ ದಿನವೇ ಹುದ್ದೆ ಕಾಯಂ, ಹುದ್ದೆಯಲ್ಲಿ ಶಿವಕಾಂತಾ. ಅವಳಿಗೆ ಅದು ಕೊನೆಯ ಅವಕಾಶ. ಬರುವ ವರ್ಷ ಅವಳಿಗೆ ನೌಕರಿಯ ವಯಸ್ಸು ಮೀರುತ್ತಿತ್ತು.

ಅಂದರೆ ಅವಳು ಮಾಡಬೇಕಾದದ್ದು ಒಂದೇ. ಅವರು ಬರುವ ತನಕ ಆ ಅಯಸ್ಕಾಂತವನ್ನು ಜೀವಂತ ಇಡುವುದು. ಅಷ್ಟು ವರ್ಷ ಅದನ್ನೇ ಮಾಡಿಕೊಂಡು ಬಂದವಳಿಗೆ ಇನ್ನೆರಡು ತಿಂಗಳು ಯಾವ ಲೆಕ್ಕ ಎಂದು ನಾವೆಲ್ಲ ಅಂದುಕೊಂಡೆವು.

ಆಗಲೇ ಎಲ್ಲ ಕಡೆ ಹೀಲಿಯಂ ಕೊರತೆ ಬಂತು. ಪೂರೈಸುವವರು ಇವತ್ತು ನಾಳೆ ಎನ್ನತೊಡಗಿದರು. ಯಂತ್ರದೊಳಗಿನ ಮಟ್ಟ ದಿನದಿನಕ್ಕೆ ಇಳಿಯಿತು. ಶಿವಕಾಂತಾ ಬೆಳಿಗ್ಗೆ ಬಂದವಳೇ ಮೊದಲು ಅದನ್ನು ನೋಡುವಳು, ಆಮೇಲೆ ಊಟ ಸೇರುತ್ತಿರಲಿಲ್ಲ. ಯಮನವ್ವನ ಕಣ್ಣಿಗೆ ಅದು ತಪ್ಪಲಿಲ್ಲ. ಹೀಲಿಯಂ ಅಂದರೆ ಏನೆಂದು ಅವಳಿಗೆ ತಿಳಿಯದು, ಮಗಳು ಏನನ್ನೋ ಕಾಯುತ್ತಿದ್ದಾಳೆ, ಅದು ಬಂದರೆ ನೌಕರಿ ಗಟ್ಟಿ, ಅಷ್ಟು ತಿಳಿಯಿತು. ಜೇಜುರಿಯ ಖಂಡೋಬನಿಗೆ ಹರಕೆ ಹೊತ್ತಳು. ಊರಲ್ಲಿ ಮಲ್ಲಯ್ಯ, ಇಲ್ಲಿ ಖಂಡೋಬ, ಅವಳಿಗೆ ಇಬ್ಬರೂ ಒಬ್ಬನೇ. ಅದು ಬಂದರೆ ಮಗಳನ್ನು ಕರೆತಂದು ಅವಳ ಕೈಯಿಂದಲೇ ಅರಿಶಿನದ ಭಂಡಾರ ಎರಚಿಸುತ್ತೇನೆ ಎಂದು ಕೈಮುಗಿದಳು.

ಒಂದು ಶನಿವಾರ ಫೋನು ಬಂತು. ಸರಕು ಮುಂಬೈಯಿಂದ ಹೊರಡುತ್ತಿದೆ, ಮಂಗಳವಾರ ನಿಮ್ಮ ಗೇಟಿನಲ್ಲಿ. ನಡುವಿನ ಸೋಮವಾರ ಸೋಮವತಿ ಅಮಾವಾಸ್ಯೆ, ಜೇಜುರಿಗೆ ಜನ ಹರಿದುಬರುವ ದಿನ. ಅಲ್ಲಿಗೆ ಯಮನವ್ವ ಹಟ ಹಿಡಿದಳು.

“ಬಂದ್ ಮ್ಯಾಲ ಹೋಗೂನು ಬೇ. ಇನ್ನಾ ಬಂದಿಲ್ಲಲ್ಲ,” ಎಂದಳಂತೆ ಶಿವಕಾಂತಾ.

“ಹೊಂಟದ ಅಂದಾರಿಲ್ಲೋ? ಹೊಂಟದ ಅಂದ್ರ ಬಂದಂಗ ಅದ. ಈ ಅಮಾಸಿ ಬಿಟ್ರ ಮತ್ತ್ಯಾವಾಗ ಬರ್ತದೋ, ನಾ ಇರ್ತೀನೋ ಇಲ್ಲೋ.”

ನಮ್ಮ ಮಂದಿಯ ಜಾಯಮಾನವೇ ಇದು. ಬಸ್ಸು ಬಿಟ್ಟಿದೆ ಎಂದರೆ ಇಳಿದೇಬಿಟ್ಟೆವು ಎಂದು ಮನೆಯಲ್ಲಿ ಅನ್ನಕ್ಕೆ ಇಡುತ್ತಾರೆ. ಯಮನವ್ವನ ಮೇಲೆ ನನಗೆ ಸಿಟ್ಟಿಲ್ಲ, ಆ ಶನಿವಾರ ಇಂದೂ ಮ್ಯಾಡಮ್ ಕೂಡ ಆಫೀಸಿನವರಿಗೆಲ್ಲ ಪೇಢೆ ಹಂಚಿದ್ದರು. ನಾನೂ ತಿಂದೆ.

ಸೋಮವಾರ ತಾಯಿ ಮಗಳು ಗುಡ್ಡ ಹತ್ತಿದರು. ಭಂಡಾರದ ಪುಡಿ ಹೊಕ್ಕರೆ ಫೋನು ಕೆಡುತ್ತದೆಂದು ಶಿವಕಾಂತಾ ಅದನ್ನು ಬಂದ್ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ತಾಯಿಯ ಗಂಟಿನಲ್ಲಿ ಇಟ್ಟಳು. ಮೆಟ್ಟಿಲು, ಗೋಡೆ, ದೀಪಮಾಲೆ, ಜನರ ಹುಬ್ಬು ಎಲ್ಲ ಹಳದಿ. ಇವರ ಸುತ್ತ ಕಲಬುರಗಿ, ಯಾದಗಿರಿ ಕಡೆಯ ಕನ್ನಡವೇ ಕೇಳುತ್ತಿತ್ತಂತೆ. ಯಮನವ್ವ ಏಳುಕೋಟಿ ಏಳುಕೋಟಿ ಎಂದು ಗಂಟಲು ಹರಿಯುವಂತೆ ಕೂಗಿದಳು. ಶಿವಕಾಂತಾ ಎರಡೂ ಬೊಗಸೆ ತುಂಬ ಭಂಡಾರ ಎತ್ತಿ ಎರಚಿದಳು. ಮುಂದೆ ಒಮ್ಮೆ ನನಗೆ ಹೇಳಿದಳು, “ಅವತ್ತ ಭಾಳ ಹಗುರ ಅನಿಸಿತ್ತು ಕಾಕಾ. ಅಷ್ಟ ಹಗುರ ನನಗ ಎಂದೂ ಅನಿಸಿದ್ದಿಲ್ಲ.” ಈ ಮಾತು ಹೇಳುವಾಗ ಅವಳು ಅಳಲಿಲ್ಲ. ನನಗೇ ಕಣ್ಣು ಒರೆಸಿಕೊಳ್ಳಬೇಕಾಯಿತು.

ಸರಕಿನ ಗಾಡಿ ಒಂದು ದಿನ ಮೊದಲೇ ಬಂತು, ಅದೇ ಸೋಮವಾರ ಬೆಳಿಗ್ಗೆ. ಈ ದೇಶದಲ್ಲಿ ಎಲ್ಲವೂ ತಡವಾಗಿ ಬರುತ್ತದೆ ಎಂದು ಗೊಣಗಿಕೊಂಡು ಬದುಕಿದವನು ನಾನು. ಅವತ್ತಿನ ಮಟ್ಟಿಗೆ ತಡವಾಗಿ ಬಂದಿದ್ದರೆ ಅದರ ಕಾಲಿಗೆ ಬೀಳುತ್ತಿದ್ದೆ.

ಆಪರೇಟರ್ ಸಹಿ ಇಲ್ಲದೆ ಯಾವ ಸಿಲಿಂಡರೂ ಒಳಗೆ ಹೋಗಬಾರದು ಎಂಬುದು ಗೇಟಿನ ನಿಯಮ. ದತ್ತು ಶಿವಕಾಂತಾಳಿಗೆ ಫೋನು ಮಾಡಿದ, ಬಂದ್ ಇತ್ತು. ಇಂದೂ ಮ್ಯಾಡಮ್ ಮುಖ್ಯ ಕಟ್ಟಡದಲ್ಲಿ ಮೀಟಿಂಗಿನಲ್ಲಿದ್ದರು, ಎತ್ತಲಿಲ್ಲ. ಡ್ರೈವರನಿಗೆ ಹೋಗುವ ಅವಸರ. ಗಾಲಿ ಇದ್ದ ಆ ದೊಡ್ಡ ಪಾತ್ರೆಯನ್ನು ಗೇಟಿನ ಪಕ್ಕ ಇಳಿಸಿ, ದತ್ತುವಿನ ಸಹಿ ಪಡೆದು ಹೊರಟುಹೋದ. ಬಿಸಿಲು ಏರಿತು. ಪಾತ್ರೆ ಬುಸ್ ಎಂದು ಸದ್ದು ಮಾಡುತ್ತಿತ್ತು. ದ್ರವ ಹೀಲಿಯಂ ಇರುವ ಪಾತ್ರೆ ಹಾಗೆ ಸದ್ದು ಮಾಡಲೇಬೇಕು. ಒಳಗೆ ಒಂದಿಷ್ಟು ಕುದಿದು ಅನಿಲವಾಗುತ್ತಲೇ ಇರುತ್ತದೆ, ಅದು ಹೋಗಲು ಮೇಲೆ ಒಂದು ಕಿಂಡಿ. ಆ ಉಸಿರು ನಡೆಯುತ್ತಿದ್ದರೆ ಪಾತ್ರೆ ಕ್ಷೇಮ.

ದತ್ತುವಿಗೆ ತಿಳಿದದ್ದು ಬೇರೆ. ವಿಭಾಗದಲ್ಲಿ ಸುರಕ್ಷತೆಯ ಅರಿವಿದೆ ಎಂದು ನಮ್ಮ ಪುಟದಲ್ಲಿ ಒಂದು ಸಾಲು ಸೇರಿಸಬೇಕಾಗಿತ್ತಲ್ಲ, ಅದಕ್ಕೆಂದು ಅದರ ಹಿಂದಿನ ವರ್ಷ ಅಗ್ನಿಶಾಮಕದವರನ್ನು ಕರೆಸಿ ಪ್ರಾತ್ಯಕ್ಷಿಕೆ ಮಾಡಿಸಿದ್ದೆವು. ಅಡುಗೆ ಗ್ಯಾಸಿನ ಸಿಲಿಂಡರ್ ಸೋರಿದರೆ ಒದ್ದೆ ಗೋಣಿಚೀಲ ಮುಚ್ಚಬೇಕು ಎಂದು ತೋರಿಸಿಕೊಟ್ಟರು. ಎಲ್ಲರಿಗಿಂತ ಚುರುಕಾಗಿ ಮಾಡಿದವನು ದತ್ತು. ನಾವೇ ಚಪ್ಪಾಳೆ ತಟ್ಟಿದ್ದೆವು.

ಸಿಲಿಂಡರ್ ಸೋರುತ್ತಿದೆ, ಪಕ್ಕದಲ್ಲೇ ಹುಡುಗ ಹುಡುಗಿಯರು ಓಡಾಡುತ್ತಿದ್ದಾರೆ. ದತ್ತು ಒಬ್ಬನೇ ಮುಂದೆ ಹೋದ. ಗೋಣಿಚೀಲ ನೆನೆಸಿ ತಂದು ಪಾತ್ರೆಯ ಕತ್ತಿಗೆ ಬಿಗಿಯಾಗಿ ಸುತ್ತಿ, ಮೇಲೆ ಮತ್ತೆ ಮತ್ತೆ ನೀರು ಹೊಯ್ದ. ಅಷ್ಟು ತಣ್ಣನೆಯ ಕಿಂಡಿಗೆ ನೀರು ತಾಗಿದರೆ ಏನಾಗುತ್ತದೆ, ಮಂಜುಗಡ್ಡೆಯಾಗಿ ಕಿಂಡಿ ಮುಚ್ಚಿತು. ಸದ್ದು ನಿಂತಿತು. ಸೇರಿದ್ದ ಜನ ಭಲೇ ಎಂದರು. ಉಸಿರು ಕಟ್ಟಿದ ಪಾತ್ರೆಯೊಳಗೆ ಒತ್ತಡ ಏರುತ್ತ ಹೋಗಿ, ಮಧ್ಯಾಹ್ನದ ಊಟದ ಹೊತ್ತಿಗೆ ಸುರಕ್ಷತೆಗೆಂದು ಇಟ್ಟಿದ್ದ ತೆಳು ಬಿಲ್ಲೆ ಒಡೆಯಿತು. ಗೇಟು, ದತ್ತುವಿನ ಚೌಕಿ, ಗುಲ್‌ಮೊಹರ್ ಏನೂ ಕಾಣದಷ್ಟು ಬಿಳಿ ಹೊಗೆ ಎದ್ದಿತಂತೆ. ಸ್ವಲ್ಪ ಹೊತ್ತಿಗೆ ಅದೂ ಕರಗಿತು. ದೇವರ ದಯೆ, ಯಾರ ಜೀವಕ್ಕೂ ಏನೂ ಆಗಲಿಲ್ಲ.

ಶಿವಕಾಂತಾ ಜೇಜುರಿಯಿಂದ ಮರಳುತ್ತ ಸಾಸವಡ ದಾಟಿದ ಮೇಲೆ ಬಸ್ಸಿನಲ್ಲಿ ಫೋನು ಚಾಲೂ ಮಾಡಿ ದತ್ತುವಿಗೆ ಹಚ್ಚಿದಳು. ದತ್ತು ಮರಾಠಿಯಲ್ಲಿ ಖುಷಿಯಿಂದ ವರದಿ ಕೊಟ್ಟ: ತಾಯಿ, ಚಿಂತೆ ಮಾಡಬೇಡಿ, ಸಿಲಿಂಡರ್ ಸೋರುತ್ತಿತ್ತು, ನಾನು ಒಳಗೆ ಬಿಡಲಿಲ್ಲ, ಒದ್ದೆ ಚೀಲ ಹಾಕಿದೆ, ಆಮೇಲೆ ಢಬ್ ಅಂತು, ಈಗ ಎಲ್ಲ ಶಾಂತ.

ಅವಳು ರಿಕ್ಷಾ ಇಳಿದು ಬಂದಾಗ ನಾನೂ ಸುದ್ದಿ ತಿಳಿದು ಗೇಟಿಗೆ ಬಂದಿದ್ದೆ. ಹಣೆ, ಕೂದಲು, ಕುತ್ತಿಗೆಯ ಮಡಿಕೆಯಲ್ಲೆಲ್ಲ ಭಂಡಾರ. ಪಾತ್ರೆಯ ಕತ್ತಿನ ಮೇಲೆ ಗೋಣಿಚೀಲ ಇನ್ನೂ ಇತ್ತು, ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಅವಳು ಚೀಲ ಬಿಚ್ಚಿದಳು, ಅಳತೆಯ ಕಡ್ಡಿ ಇಳಿಸಿ ನೋಡಿದಳು. ಒಳಗೆ ಏನೂ ಇರಲಿಲ್ಲ.

“ನಿಮಗೇನೂ ಆಗಿಲ್ಲವಲ್ಲ ದಾದಾ?” ಎಂದು ಮರಾಠಿಯಲ್ಲಿ ದತ್ತುವನ್ನು ಕೇಳಿದಳು. ಅಂಗೈ ಸ್ವಲ್ಪ ಸುಟ್ಟಿದೆ ಎಂದು ಅವನು ತೋರಿಸಿದ. ತಣ್ಣನೆಯದೂ ಸುಡುತ್ತದೆ. ಅವಳು ತನ್ನ ಬಾಟಲಿಯ ನೀರು ಹಾಕಿ ಆ ಕೈ ತೊಳೆದಳು.

ನಾನು ತಡೆಯಲಾರದೆ ಬಾಯಿ ತೆರೆದೆ. ಇವನಿಗೆ ಏನು ಮಾಡಿದ್ದಾನೆಂದು ತಿಳಿಯಬೇಕು ಅನ್ನುವಷ್ಟು ಕೋಪ ಬಂದಿತ್ತು. ಅವಳು ನನ್ನ ತೋಳು ಹಿಡಿದು ಚೌಕಿಯ ಹಿಂದೆ ಕರೆದೊಯ್ದಳು.

“ಹೇಳಬ್ಯಾಡ್ರಿ ಕಾಕಾ.”

“ಯಾಕ ಹೇಳಬಾರದು? ನಿನ್ನ ಬಾಯಾಗ ಮಣ್ಣ ಹಾಕ್ಯಾನ ಅವ.”

“ಜೀವಾ ಒತ್ತಿ ಇಟ್ಟು ಮಾಡ್ಯಾರ ಅವರು. ನಾವ ಕಲಿಸಿದ್ದು ಮಾಡ್ಯಾರ. ಅವರಿಗಿ ತಿಳದ್ರ ಊಟಾ ಬಿಡ್ತಾರ. ಯಾರಿಗೂ ಹೇಳಂಗಿಲ್ಲಂತ ನನಗ ಮಾತ ಕೊಡ್ರಿ.”

ಕೊಟ್ಟೆ. ಇಂದೂ ಮ್ಯಾಡಮ್‌ಗೂ ಅವಳು ಅದನ್ನೇ ಕೇಳಿಕೊಂಡಳು. ಬಿಲ್ಲೆಯೇ ದೋಷದ್ದಿತ್ತು ಎಂದು ಉಳಿದವರೆಲ್ಲ ನಂಬಿದರು.

ಮುಂದಿನ ದಿನಗಳಲ್ಲಿ ಇಂದೂ ಮ್ಯಾಡಮ್ ಒಂದಿಷ್ಟು ಹೀಲಿಯಂಗಾಗಿ ಊರಿನ ಎಲ್ಲ ಪ್ರಯೋಗಾಲಯಗಳಿಗೂ ಕೈಯೊಡ್ಡಿದರು. ಪಾಪ, ಅವರವರ ಅಯಸ್ಕಾಂತ ಅವರವರಿಗೆ ಹೆಚ್ಚು. ನಮ್ಮದನ್ನು ನಿಧಾನವಾಗಿ ಆರಿಸಿದರೆ ಕಡಿಮೆ ಪೆಟ್ಟು ಎಂದು ಕಂಪನಿಯ ಇಂಜಿನಿಯರನಿಗೆ ಬರಹೇಳಿದರು, ಅವನು ಇನ್ನೊಂದು ರಾಜ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದ. ಶಿವಕಾಂತಾ ಮಾತ್ರ ದಿನಾ ಬೆಳಿಗ್ಗೆ ಬಂದು ಮಟ್ಟ ನೋಡುತ್ತಿದ್ದಳು. ಬುಧವಾರ ನೈಟ್ರೋಜನ್ ತುಂಬಿದಳು. ಯಾಕವ್ವ ಎಂದರೆ, “ಇನ್ನಾ ಜೀವ ಅದಲ್ರಿ ಕಾಕಾ,” ಅಂದಳು.

ಮರುವಾರ, ಹತ್ತೂವರೆಯ ಚಹಾ ಬಂದ ಹೊತ್ತಿಗೆ ಅದು ಹೋಯಿತು. ಕುಕ್ಕರಿನ ಸೀಟಿಯಂಥ ಸದ್ದಿನಿಂದ ಶುರುವಾಗಿ ಇಡೀ ಕಾರಿಡಾರು ನಡುಗುವಂಥ ಮೊರೆತ. ಹುಡುಗರು ಹೊರಗೆ ಓಡಿದರು. ಶಿವಕಾಂತಾ ಬಾಗಿಲು ಕಿಟಕಿ ಎಲ್ಲ ತೆರೆದು ಕೊನೆಗೆ ಬಂದಳು. ಸದ್ದು ನಿಂತ ಮೇಲೆ ಒಳಗೆ ಹೋಗಿ ನೋಡಿದರೆ ಅದೇ ಹಂಡೆ, ಅದೇ ಹೊಳಪು. ಅವಳು ಜೇಬಿನಿಂದ ಸ್ಕೂಟರಿನ ಕೀಲಿಕೈ ತೆಗೆದು ಹಂಡೆಯ ಹತ್ತಿರ ಹಿಡಿದಳು. ಆ ಕೋಣೆಗೆ ಅಷ್ಟು ವರ್ಷ ಕಬ್ಬಿಣದ ಚೂರು ತಂದವಳಲ್ಲ, ಯಾರಿಗೂ ತರಲು ಬಿಟ್ಟವಳಲ್ಲ. ಕೀಲಿಕೈ ಹಂಡೆಯ ಕಡೆ ವಾಲದೆ ಅವಳ ಬೆರಳಲ್ಲಿ ಸುಮ್ಮನೆ ಜೋತುಬಿದ್ದಿತ್ತು.

ಹೊರದೇಶದವರು ಹೇಳಿದ ದಿನಕ್ಕೆ ಬಂದರು. ಇಂದೂ ಮ್ಯಾಡಮ್ ಸುಳ್ಳು ಹೇಳಲಿಲ್ಲ. ಅವರಲ್ಲಿ ವಯಸ್ಸಾದವರೊಬ್ಬರು ಹಂಡೆಯ ಮೇಲೆ ಕೈಯಿಟ್ಟು, ನಮ್ಮಲ್ಲೂ ಒಮ್ಮೆ ಹೀಗಾಗಿತ್ತು ಎಂದು ಸಮಾಧಾನ ಹೇಳಿದರು. ಆಮೇಲೆ ಒಪ್ಪಂದವನ್ನೇ ತಿದ್ದಿದರು. ಗಿಡ ನಮ್ಮದು, ಬಿಡಿಸುವ ಕೆಲಸ ನಮ್ಮ ಹುಡುಗರದು, ಕೊಳವೆಗಳನ್ನು ಮಾತ್ರ ಪಾರ್ಸಲ್ ಮಾಡಿ ಅವರಲ್ಲಿಗೆ ಕಳಿಸುವುದು. ವಿಭಾಗಕ್ಕೆ ಹೆಚ್ಚು ನಷ್ಟವಾಗಲಿಲ್ಲ, ಹಾಗೆ ನೋಡಿದರೆ ಲಾಭವೇ ಆಯಿತು. ಆಪರೇಟರ್ ಹುದ್ದೆಗೆ ಅರ್ಥ ಉಳಿಯಲಿಲ್ಲ, ಅಷ್ಟೇ. ಎನ್‌ಎಂಆರ್ ಅನ್ನು ‘ಸಾಮರ್ಥ್ಯ’ದಿಂದ ತೆಗೆದು ‘ಸಹಯೋಗದ ಗುರಿ’ಯ ಕೆಳಗೆ ಹಾಕಿಕೊಡಿ ಎಂದು ಇಂದೂ ಮ್ಯಾಡಮ್ ನನಗೆ ಹೇಳಿ, ಮುಖ ಆ ಕಡೆ ಮಾಡಿಕೊಂಡರು. ಹಾಕಿಕೊಟ್ಟೆ. ಭಾಷೆಯೇನೋ ಚೆನ್ನಾಗಿಯೇ ಬಂದಿದೆ.

ಒಂದು ಸಂಜೆ ಅವರ ಮನೆಗೆ ಹೋಗಿದ್ದೆ. ಖಂಡೋಬನ ಮೇಲೆ ಯಮನವ್ವನಿಗೆ ಸಿಟ್ಟಿರಬಹುದು ಎಂದುಕೊಂಡಿದ್ದೆ. ನಾನಾಗಿದ್ದರೆ ಬೈಯುತ್ತಿದ್ದೆ. ಅವಳು ನನ್ನನ್ನೇ ತಿದ್ದಿದಳು.

“ಅಂವಂದೇನೂ ತಪ್ಪಿಲ್ರಿ ಸಾಹೇಬ್ರ. ಗೇಟಿನ ತನಾ ತಂದು ಕೊಟ್ಟಾನ. ಒಳಗ ಕರಕೊಳ್ಳೋರು ಮನ್ಯಾಗಿರ್ಬೇಕಿತ್ತು. ಎಳಕೊಂಡು ಹೋದಾಕಿ ನಾ.”

ಶಿವಕಾಂತಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಿರುಗಿ ನೋಡಲಿಲ್ಲ, ಬಡಿಯುವುದನ್ನೂ ನಿಲ್ಲಿಸಲಿಲ್ಲ. ಚಹಾ ಕುಡಿದು ಎದ್ದು ಬಂದೆ.

ಗುತ್ತಿಗೆ ತಿಂಗಳ ಕೊನೆಗೆ ಮುಗಿಯಿತು. ಈ ಸಲ ಬ್ರೇಕಿನ ನಂತರದ ಆದೇಶ ಇರಲಿಲ್ಲ. ಕೊನೆಯ ದಿನ ಅವಳು ಹುಡುಗರು ಬಿಟ್ಟುಹೋದ ಕೊಳವೆಗಳನ್ನೆಲ್ಲ ಅಸಿಟೋನ್ ಹಾಕಿ ತೊಳೆದು, ಒಣಗಿಸಿ, ಜೋಡಿಸಿಟ್ಟಳು. ನಾನು ಗೇಟಿನ ತನಕ ಜೊತೆಗೆ ನಡೆದೆ.

ದತ್ತು ಸೆಲ್ಯೂಟ್ ಹೊಡೆದ. ಅವತ್ತಿನ ಸಾಹಸಕ್ಕೆ ಅವನ ಏಜೆನ್ಸಿಯವರು ಸಭೆಯಲ್ಲಿ ಒಂದು ಸ್ಟೀಲ್ ಡಬ್ಬಿ ಕೊಟ್ಟು ಗೌರವಿಸಿದ್ದರು. ಅದರಲ್ಲೇ ಊಟ ತರುತ್ತಿದ್ದ, ನಮಗೆ ಎತ್ತಿ ತೋರಿಸಿದ. ಒಳಗೆ ಬಿಟ್ಟಿದ್ದರೆ ಇಡೀ ಬಿಲ್ಡಿಂಗೇ ಹೋಗುತ್ತಿತ್ತಲ್ಲವೇ ತಾಯಿ, ಎಂದ. ಹೌದು ದಾದಾ, ನಿಮ್ಮಿಂದ ಉಳಿದೆವು, ಎಂದಳು ಶಿವಕಾಂತಾ. ಅಯಸ್ಕಾಂತ ಸತ್ತ ಸುದ್ದಿ ಆ ಗೇಟಿನವರೆಗೆ ಬಂದಿರಲಿಲ್ಲ. ಬಂದಿದ್ದರೂ ಅದರ ಅರ್ಥ ಯಾರೂ ಅವನಿಗೆ ಹೇಳಿರಲಿಲ್ಲ. ಅವಳ ಕೈಯಲ್ಲಿದ್ದ ಚೀಲ ನೋಡಿ ಅವನು ದನಿ ತಗ್ಗಿಸಿದ.

“ಬ್ರೇಕ್ ಶುರುವಾಯಿತೇನು ತಾಯಿ? ಬುಧವಾರ ಬಂದುಬಿಡಿ. ನಾನು ಆ ಕಡೆ ನೋಡುತ್ತ ನಿಂತಿರುತ್ತೇನೆ.”

“ಆಯಿತು ದಾದಾ,” ಎಂದು ಅವಳು ರಸ್ತೆ ದಾಟಿದಳು.